ಪ್ರಶ್ನೆಯೂ ಕೇಳಿಸುವ ರೇಡಿಯೋ: ಸ್ಟಡ್ಸ್ ಟರ್ಕೆಲ್

ಸ್ಟಡ್ಸ್ ಟರ್ಕೆಲ್ ಎಂದರೆ ನಮ್ಮಲ್ಲಿ ಹಲವರಿಗೆ ‘ವರ್ಕಿಂಗ್’ ಪುಸ್ತಕದವರು. ನನಗೆ ಅವರು ಮೊದಲು ಪರಿಚಯವಾದದ್ದು ಬರೀ ದನಿಯಾಗಿ. ತೊಂಬತ್ತರ ದಶಕದ ನಡುವೆ ಶಿಕಾಗೋದಲ್ಲಿ ರೆಸಿಡೆನ್ಸಿ ಮಾಡುತ್ತಿದ್ದಾಗ, ಹಳೆಯ ಕಾರಿನ ರೇಡಿಯೋದಲ್ಲಿ ಡಬ್ಲ್ಯೂ.ಎಫ್.ಎಂ.ಟಿ. ಹಾಕಿದರೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ನಡುವೆ ಈ ಅಜ್ಜನ ಗೊಗ್ಗರು ಗಂಟಲು. 1952ರಿಂದ 1997ರವರೆಗೆ, 45 ವರ್ಷ, ಅದೇ ಕೇಂದ್ರದಲ್ಲಿ ಅವರು ಜನರನ್ನು ಮಾತನಾಡಿಸಿದರು.

1912ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ಶಿಕಾಗೋಗೆ ಬಂದವರು. ತಂದೆತಾಯಿ ಬಾಡಿಗೆ ಕೋಣೆಗಳ ವಸತಿಗೃಹ ನಡೆಸುತ್ತಿದ್ದರು. ಅಲ್ಲಿ ತಂಗುತ್ತಿದ್ದ ಕೂಲಿಗಾರರ ವಾದ-ಜಗಳ ಕೇಳುತ್ತಲೇ ಹುಡುಗ ಬೆಳೆದ. ಲಾ ಓದಿಯೂ ವಕೀಲಿಕೆ ಮಾಡಲಿಲ್ಲ, ರೇಡಿಯೋ ನಾಟಕಗಳಲ್ಲಿ ಖಳನ ಪಾತ್ರ ಮಾಡಿದರು! ಟೆಲಿವಿಷನ್ನಿನಲ್ಲಿ ‘ಸ್ಟಡ್ಸ್ ಪ್ಲೇಸ್’ ಬಂತು. ಎಡಪಂಥೀಯರನ್ನು ಬೇಟೆಯಾಡುತ್ತಿದ್ದ ಆ ಕಾಲದಲ್ಲಿ ಟಿ.ವಿ.ಯ ಬಾಗಿಲು ಮುಚ್ಚಿತು. ಉಳಿದದ್ದು ರೇಡಿಯೋ.

‘ದಿ ಗುಡ್ ವಾರ್’ ಪುಸ್ತಕಕ್ಕೆ 1985ರಲ್ಲಿ ಪುಲಿಟ್ಜರ್ ಬಂದ ಮೇಲೆ ಎಲ್ಲರೂ ಪುಸ್ತಕಗಳನ್ನೇ ಹೊಗಳಿದರು. ನನ್ನ ತಕರಾರು ಇಲ್ಲೇ. ಪುಸ್ತಕದಲ್ಲಿ ಟರ್ಕೆಲ್ಲರ ಪ್ರಶ್ನೆಗಳು ಬಹುಮಟ್ಟಿಗೆ ಮಾಯ. ಉಕ್ಕಿನ ಕಾರ್ಖಾನೆಯ ಕೆಲಸಗಾರನೋ ಹೋಟೆಲಿನಲ್ಲಿ ಬಡಿಸುವಾಕೆಯೋ ತಾವಾಗಿಯೇ ಮಾತನಾಡುತ್ತಾ ಹೋದಂತೆ ಕಾಣುತ್ತದೆ. ನಾವು ವೈದ್ಯರೂ ಇದನ್ನೇ ಮಾಡುತ್ತೇವೆ. ಕೇಸ್ ಶೀಟಿನಲ್ಲಿ ‘ಮೂರು ದಿನದಿಂದ ಹೊಟ್ಟೆ ಉರಿ’ ಎಂದು ಬರೆದರೆ, ಅದು ರೋಗಿ ತಾನಾಗಿ ಹೇಳಿದ್ದೋ ನಾವು ಬಾಯಿಗೆ ತುರುಕಿದ್ದೋ ಕಾಗದಕ್ಕೆ ಗೊತ್ತಿಲ್ಲ. ಒಮ್ಮೆ ಉರಿಯೇ ಎಂದು ಕೇಳಿದವನು ನಾನು, ಹೌದೆಂದು ತಲೆಯಾಡಿಸಿದವರು ಒಬ್ಬ ವೃದ್ಧೆ. ಆಗಿದ್ದದ್ದು ಹೃದಯಾಘಾತ. ಅವರು ಉಳಿದುಕೊಂಡರು, ನನ್ನ ಪುಣ್ಯ.

ರೇಡಿಯೋದಲ್ಲಿ ಪ್ರಶ್ನೆಯೂ ಕೇಳಿಸುತ್ತದೆ, ಉತ್ತರಕ್ಕೆ ಮುಂಚಿನ ಮೌನವೂ ಕೇಳಿಸುತ್ತದೆ. ಟರ್ಕೆಲ್ಲರ ದೋಷಗಳೂ ಅಲ್ಲೇ ಸಿಗುತ್ತವೆ: ನಡುವೆ ಬಾಯಿ ಹಾಕುತ್ತಾರೆ, ತಮಗೆ ಇಷ್ಟವಾದವರ ಮಾತಿಗೆ ಬೇಗ ತಲೆದೂಗುತ್ತಾರೆ, ಕಷ್ಟದ ಪ್ರಶ್ನೆಯನ್ನು ಕೆಲವೊಮ್ಮೆ ಬಿಟ್ಟೇಬಿಡುತ್ತಾರೆ. ಆದರೆ ಏನನ್ನೂ ಮುಚ್ಚಿಡುವುದಿಲ್ಲ. ಯಾವ ಮಾತು ಎಲ್ಲಿಂದ ಹುಟ್ಟಿತೆಂದು ಕೇಳುಗರೇ ಅಳೆದುಕೊಳ್ಳಬಹುದು. ಯಂತ್ರಗಳೆಂದರೆ ಈ ಮನುಷ್ಯನಿಗೆ ಆಗದು, ಕಾರನ್ನೂ ಕಲಿಯಲಿಲ್ಲ. ಟೇಪ್ ರೆಕಾರ್ಡರಿನ ಗುಂಡಿ ಒತ್ತಲು ತಡಕಾಡುವುದನ್ನು ಕಂಡರೇ ಎದುರಿಗಿದ್ದವರ ಭಯ ಇಳಿಯುತ್ತಿತ್ತಂತೆ.

ಅವರ ಸಾಕ್ಷ್ಯಚಿತ್ರಗಳು ಇನ್ನೂ ಗಟ್ಟಿ. 1963ರ ಆಗಸ್ಟಿನಲ್ಲಿ ವಾಷಿಂಗ್ಟನ್ ಮೆರವಣಿಗೆಗೆ ಶಿಕಾಗೋದಿಂದ ಹೊರಟ ರೈಲು ಹತ್ತಿ, ಪ್ರಯಾಣಿಕರ ಮಾತುಗಳಿಂದಲೇ ‘ದಿಸ್ ಟ್ರೇನ್’ ಮಾಡಿದರು. 1962ರಲ್ಲಿ ಪ್ರಿ ಇಟಾಲಿಯಾ ಗೆದ್ದ ‘ಬಾರ್ನ್ ಟು ಲಿವ್’ ಅಣುಬಾಂಬಿನ ಯುಗದಲ್ಲಿ ಬದುಕುವುದರ ಕುರಿತದ್ದು. ಹಿರೋಷಿಮಾದಲ್ಲಿ ಬದುಕುಳಿದವರ ದನಿಯೂ ಅದರಲ್ಲಿದೆ.

2005ರಲ್ಲಿ, 93ನೆಯ ವಯಸ್ಸಿನಲ್ಲಿ, ತೆರೆದ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮತ್ತೆ ಬರೆಯಲು ಕೂತರು. (ಆ ವಯಸ್ಸಿನಲ್ಲಿ ನಾನಾಗಿದ್ದರೆ ಬೇಡವೆನ್ನುತ್ತಿದ್ದೆನೇನೋ!) 2008ರ ಅಕ್ಟೋಬರ್ 31ರಂದು ತೀರಿಕೊಂಡರು.

2018ರಿಂದ ಅವರ ಧ್ವನಿಮುದ್ರಿಕೆಗಳು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತಿವೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ‘ವರ್ಕಿಂಗ್’ ಕೈಗೆ ಕೊಡುವ ಮೊದಲು, ಕಾರಿನಲ್ಲಿ ಹೋಗುವಾಗ ‘ದಿಸ್ ಟ್ರೇನ್’ ಹಾಕಿಬಿಡಿ.