ಅಜ್ಜನ ರೋಜಾ, ಮಗನ ಗುಮ್ಮಟ, ಮೊಮ್ಮಗನ ಕಮಾನು

ವಿಜಯಪುರಕ್ಕೆ ಬರುವ ಪ್ರವಾಸಿ ಬಸ್ಸುಗಳ ದಿನಚರಿ ಬಹುಪಾಲು ಒಂದೇ. ಬೆಳಿಗ್ಗೆ ಕೂಡಲಸಂಗಮ, ಆಲಮಟ್ಟಿ. ಮಟಮಟ ಮಧ್ಯಾಹ್ನಕ್ಕೆ ಗೋಳಗುಮ್ಮಟ. ಹೊತ್ತು ಮುಳುಗುವುದರೊಳಗೆ ಸೊಲ್ಲಾಪುರದ ದಾರಿ, ಮುಂದೆ ಪಂಢರಪುರ. ನಡುವೆ ಸಿಕ್ಕ ಒಂದೂವರೆ ತಾಸಿನಲ್ಲಿ ಏದುಸಿರು ಬಿಡುತ್ತ ಗುಮ್ಮಟ ಹತ್ತಿ, ಮಕ್ಕಳ ಹೆಸರು ಕೂಗಿ, ಪ್ರತಿಧ್ವನಿ ಕೇಳಿ, ಕೆಳಗಿಳಿದು ಶೇಂಗಾ ಪೊಟ್ಟಣ ಕೊಂಡು ಬಸ್ಸಿನಲ್ಲಿ ಕೂತರೆ ಊರು ಮುಗಿಯಿತು. ಊರಿನ ಆಟೋದವರೂ ಇದನ್ನೇ ಖಾತ್ರಿಪಡಿಸುತ್ತಾರೆ: 'ಗೋಲಗುಂಬಜ ನೋಡಿದ್ರಿ ಅಂದ್ರ ಎಲ್ಲಾ ನೋಡಿದಂಗ ಬಿಡ್ರಿ.'

ಮುಗಿಯುವುದಿಲ್ಲ. ಗೋಳಗುಮ್ಮಟ ಒಂದು ಮಾತಿಗೆ ಕೊಟ್ಟ ಉತ್ತರ. ಆ ಮಾತು ಊರಿನ ಇನ್ನೊಂದು ತುದಿಯಲ್ಲಿದೆ, ಅದರ ಮುಂದಿನ ಮಾತು ನಡುಊರಿನಲ್ಲಿ ಅರ್ಧಕ್ಕೆ ನಿಂತಿದೆ. ಅಪ್ಪ, ಮಗ, ಮೊಮ್ಮಗ ಹೀಗೆ ಮೂರು ತಲೆಮಾರಿನ ಸುಲ್ತಾನರು ಕಟ್ಟಿಸಿಕೊಂಡ ಮೂರು ಗೋರಿಗಳನ್ನು ಅದೇ ಕ್ರಮದಲ್ಲಿ ನೋಡಿದರೆ ವಿಜಯಪುರ ತಾನಾಗಿ ಬಿಚ್ಚಿಕೊಳ್ಳುತ್ತದೆ. ಇದಕ್ಕೆ ಬೇಕಾದದ್ದು ಎರಡು ಹಗಲು, ನಡುವೆ ಒಂದು ರಾತ್ರಿ. ಮೊದಲ ಸಲ ಹೋಗುವವರಿಗೆ ಅದಕ್ಕಿಂತ ಹೆಚ್ಚು ಬೇಡ, ಕಡಿಮೆ ಸಾಲದು.

ಊರಿನ ನಕ್ಷೆ ಸುಲಭ. ಸುಮಾರು 10 ಕಿಲೋಮೀಟರ್ ಸುತ್ತಳತೆಯ ಕೋಟೆಗೋಡೆ, ಅದರೊಳಗೆ ಹಳೆಯ ಪೇಟೆ. ಪೂರ್ವದ ಅಂಚಿಗೆ ರೈಲು ನಿಲ್ದಾಣ, ಅದರ ಹತ್ತಿರವೇ ಗೋಳಗುಮ್ಮಟ. ಪಶ್ಚಿಮದಲ್ಲಿ ಗೋಡೆಯ ಆಚೆಗೆ ಅಜ್ಜನ ಗೋರಿ, ಇಬ್ರಾಹಿಂ ರೋಜಾ. ಉಳಿದದ್ದೆಲ್ಲ ಇವೆರಡರ ನಡುವೆ. ಹಾಗಾಗಿ ಒಂದು ದಿನ ಪಶ್ಚಿಮಕ್ಕೆ, ಒಂದು ದಿನ ಪೂರ್ವಕ್ಕೆ ಎಂದು ಹಂಚಿಕೊಂಡರೆ ಸುತ್ತಾಟ ತಪ್ಪುತ್ತದೆ. ಬೆಂಗಳೂರಿನ ಕಡೆಯಿಂದ ರಾತ್ರಿ ರೈಲು ಹಿಡಿದವರಿಗೆ ಊರು ಬರುವ ಮೊದಲೇ ಕಿಟಕಿಯಲ್ಲಿ ಗುಮ್ಮಟ ಕಾಣುತ್ತದೆ. ಕಂಡ ಕೂಡಲೇ ಅತ್ತ ಓಡುವ ಆಸೆಯನ್ನು ಒಂದು ದಿನ ತಡೆದುಕೊಳ್ಳಬೇಕು. ಮೊದಲು ಗೋಳಗುಮ್ಮಟ ನೋಡಿದ ಕಣ್ಣಿಗೆ ರೋಜಾ ಸಣ್ಣದಾಗಿ ಕಾಣುತ್ತದೆ, ಅದು ರೋಜಾಕ್ಕೆ ಮಾಡುವ ಅನ್ಯಾಯ.

ಲಾಡ್ಜಿನಲ್ಲಿ ಸ್ನಾನ ಮುಗಿಸಿ, ಮಧ್ಯಾಹ್ನ ಗಾಂಧಿ ಚೌಕದ ಆಸುಪಾಸಿನ ಯಾವುದಾದರೂ ಖಾನಾವಳಿಯಲ್ಲಿ ಕೂತು, ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಉಂಡು ಹೊರಡುವುದು ಒಳ್ಳೆಯದು. ಕುದುರೆ ಟಾಂಗಾ ಸಿಕ್ಕರೆ ಬಿಡಬಾರದು. ಈ ಊರಲ್ಲಿ ಅದರ ನಡಿಗೆಯೇ ಸರಿಯಾದ ವೇಗ.

ಪಶ್ಚಿಮದ ದಾರಿಯಲ್ಲಿ ಮೊದಲು ತಾಜ್ ಬಾವಡಿ. 1620ರಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ರಾಣಿ ತಾಜ್ ಸುಲ್ತಾನಾಳ ಹೆಸರಲ್ಲಿ ಮಲಿಕ್ ಸಂದಲ್ ಕಟ್ಟಿಸಿದ ಬಾವಿ ಇದು. ಬಾವಿ ಎಂದು ಹೆಸರು, ಅಳತೆ ಕೆರೆಯದು. ಎರಡು ಕಡೆ ಎಂಟು ಮೂಲೆಯ ಗೋಪುರ, ನಡುವೆ ದೊಡ್ಡ ಕಮಾನು, ಅದರಡಿ ನೀರಿಗಿಳಿಯುವ ಮೆಟ್ಟಿಲು. ಮಳೆ ಕಡಿಮೆಯಿರುವ ಈ ಬಯಲಲ್ಲಿ ರಾಜಧಾನಿ ನಡೆಸುವುದೆಂದರೆ ಮೊದಲು ನೀರಿನ ಲೆಕ್ಕ. ತೊರವಿಯ ಕಡೆಯಿಂದ ನೆಲದಡಿ ಸುರಂಗ ತೋಡಿ, ದಕ್ಷಿಣದ ಬೇಗಂ ತಲಾಬ್‌ನಿಂದ ಮಣ್ಣಿನ ಕೊಳವೆ ಹಾಯಿಸಿ ಊರಿಗೆ ನೀರು ತಂದರು. ಆ ವ್ಯವಸ್ಥೆಯ ಗೋಪುರಗಳು ಇಂದಿಗೂ ಅಲ್ಲಲ್ಲಿ ಮನೆಗಳ ನಡುವೆ ಒಂಟಿಯಾಗಿ ನಿಂತಿವೆ. ಹೆಚ್ಚಿನವರು ಅವನ್ನು ಕಾವಲು ಬುರುಜು ಎಂದುಕೊಂಡು ಮುಂದೆ ಹೋಗುತ್ತಾರೆ.

ಇಬ್ರಾಹಿಂ ರೋಜಾಕ್ಕೆ ಮೂರು ಗಂಟೆಯ ಬಿಸಿಲಿಗೆ ತಲುಪಿದರೆ ಸರಿ. ಎತ್ತರದ ಜಗಲಿಯ ಮೇಲೆ ಎದುರುಬದುರಾಗಿ ಎರಡು ಕಟ್ಟಡ, ನಡುವೆ ಕಾರಂಜಿಯ ತೊಟ್ಟಿ. ಪೂರ್ವಕ್ಕೆ ಗೋರಿ, ಪಶ್ಚಿಮಕ್ಕೆ ಮಸೀದಿ. ಇಳಿಬಿಸಿಲು ಗೋರಿಯ ಮುಖಕ್ಕೆ ಬೀಳುವ ಹೊತ್ತಿಗೆ ಅದರ ಗೋಡೆಯ ಕೆತ್ತನೆಯೆಲ್ಲ ಎದ್ದು ಬರುತ್ತದೆ. ಇಲ್ಲಿ ಗುಮ್ಮಟದತ್ತ ತಲೆಯೆತ್ತಿ ನಿಲ್ಲುವ ಬದಲು ಗೋಡೆಗೆ ಒಂದು ಮೊಳ ಹತ್ತಿರ ನಿಲ್ಲಬೇಕು. ಕಿಟಕಿಗಳ ಮೇಲ್ಭಾಗದಲ್ಲಿ ಜಾಲರಿಯಂತೆ ಕಾಣುವುದು ಜಾಲರಿಯಲ್ಲ, ಅರಬ್ಬೀ ಅಕ್ಷರಗಳು. ಅಕ್ಷರಗಳ ನಡುವಿನ ಕಲ್ಲನ್ನು ಪೂರ್ತಿ ಕೊರೆದು ತೆಗೆದಿದ್ದಾರೆ. ಬೆಳಕು ಬರಹದ ಸಂದಿನಿಂದಲೇ ಒಳಗೆ ಬರುತ್ತದೆ. ಒಳಗಿನ ಚೌಕ ಕೋಣೆಯ ಮಾಳಿಗೆ ನೋಡಿದರೆ ಇನ್ನೊಂದು ಸೋಜಿಗ. ಕೆಳಗೆ ಒಂದು ಕಂಬವಿಲ್ಲ, ನಡುವೆ ತೊಲೆಯಿಲ್ಲ, ಕಲ್ಲಿನ ಚಪ್ಪಡಿಗಳು ಮಟ್ಟಸವಾಗಿ ಹರಡಿಕೊಂಡಿವೆ. ಅವುಗಳ ಬೆಸುಗೆಯ ಗಾರೆ ನಾನೂರು ವರ್ಷದಿಂದ ಹಿಡಿದುಕೊಂಡಿದೆ. ಹೊರಗೆ ಬಂದರೆ ಮಸೀದಿಯ ಸೂರಿನ ಮೂಲೆಯಲ್ಲಿ ಕಲ್ಲಿನ ಸರಪಳಿಗಳು ಕಾಣುತ್ತವೆ, ಒಂದೇ ಕಲ್ಲಿನಿಂದ ಬಿಡಿಸಿದ ಕೊಂಡಿಗಳು.

ಶಾಸನದ ಪ್ರಕಾರ ಕಟ್ಟಡ ಮುಗಿದದ್ದು 1626ರಲ್ಲಿ. ಮೊದಲು ಇದನ್ನು ಉದ್ದೇಶಿಸಿದ್ದು ತಾಜ್ ಸುಲ್ತಾನಾಳಿಗೆ. ಮರುವರ್ಷ ಸುಲ್ತಾನನೇ ತೀರಿಕೊಂಡ. ಎರಡನೆಯ ಇಬ್ರಾಹಿಂ ಎಂಥವನೆಂದು ತಿಳಿದಿದ್ದರೆ ಈ ಕಟ್ಟಡದ ನಯ ಅರ್ಥವಾಗುತ್ತದೆ. 1580ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಹುಡುಗ, ರಾಜ್ಯಭಾರ ನೋಡಿಕೊಂಡವಳು ಚಾಂದ್ ಬೀಬಿ. ಬೆಳೆದು 'ಕಿತಾಬ್-ಎ-ನೌರಸ್' ಎಂಬ ಹಾಡುಗಳ ಪುಸ್ತಕ ಬರೆದ. ಅದರಲ್ಲಿ ಸರಸ್ವತಿಯ, ಗಣಪತಿಯ ಸ್ತುತಿಯಿದೆ, ಅವನ ಪ್ರೀತಿಯ ಆನೆ ಆತಶ್ ಖಾನನೂ ತಂಬೂರಿ ಮೋತಿ ಖಾನನೂ ಬರುತ್ತಾರೆ. ಅಕ್ಬರನ ರಾಯಭಾರಿ ಅಸದ್ ಬೇಗ್ ದೆಹಲಿಯ ಕಡೆ ಕಾಣದಿದ್ದ ತಂಬಾಕನ್ನು ಬಾದಶಹನಿಗೆ ಒಯ್ದದ್ದು ಈತನ ಊರಿನಿಂದಲೇ. ಊರ ಹೊರಗೆ ಸಂಗೀತಕ್ಕೆಂದೇ ನೌರಸಪುರ ಕಟ್ಟತೊಡಗಿದ್ದ. 1624ರಲ್ಲಿ ಅಹಮದ್‌ನಗರದ ಮಲಿಕ್ ಅಂಬರ್ ಅದನ್ನು ಸೂರೆ ಮಾಡಿದ. ಅದರ ಸಂಗೀತ ಮಹಲಿನ ಅವಶೇಷ ತೊರವಿಯಲ್ಲಿದೆ. ಕನ್ನಡಿಗರಿಗೆ ತೊರವೆ ರಾಮಾಯಣದಿಂದ ಪರಿಚಿತವಾದ ಊರೇ ಅದು. ಸಮಯ ಉಳಿದರೆ ಹೋಗಿಬರಬಹುದು, ಇಲ್ಲದಿದ್ದರೆ ಮುಂದಿನ ಸಲಕ್ಕೆ.

ರೋಜಾದಿಂದ ವಾಪಸು ಬರುವಾಗ ಕೋಟೆಗೋಡೆಯ ಶೇರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್, ಉದ್ದ 14 ಅಡಿಯ ಮೇಲೆ. ಬಾಯಿಯಲ್ಲಿ ಆನೆಯನ್ನು ಕಚ್ಚಿದ ಸಿಂಹದ ಮುಖ. ಪರಂಡಾ ಕೋಟೆಯಿಂದ ಇದನ್ನು ಇಲ್ಲಿಗೆ ಎಳೆದು ತಂದರು. 1686ರಲ್ಲಿ ಊರು ಗೆದ್ದ ಔರಂಗಜೇಬ ತನ್ನ ವಿಜಯವನ್ನು ಇದರ ಮೈಮೇಲೆಯೇ ಕೆತ್ತಿಸಿದ. 1854ರಲ್ಲಿ ಇಂಥ ತೋಪನ್ನು ಹರಾಜಿಗಿಟ್ಟರು, 150 ರೂಪಾಯಿಗೆ ಕೂಗು ನಿಂತಿತು. ಪುಣ್ಯಕ್ಕೆ ಆ ಮಾರಾಟ ರದ್ದಾಯಿತು. ಅಲ್ಲಿಂದ ಹತ್ತಿರದ ಉಪ್ಲಿ ಬುರುಜನ್ನು ಸಂಜೆ ಹತ್ತಬೇಕು. ಸುಮಾರು 80 ಅಡಿಯ ಈ ದುಂಡು ಗೋಪುರಕ್ಕೆ ಹೊರಮೈಗೆ ಅಂಟಿಕೊಂಡ ಮೆಟ್ಟಿಲಿದೆ. ಮೇಲಿನಿಂದ ಪೂರ್ವಕ್ಕೆ ನೋಡಿದರೆ ಊರಿನ ಎಲ್ಲ ಮನೆಗಳ ಆಚೆ ನಾಳೆ ಬೆಳಿಗ್ಗೆ ನೋಡಬೇಕಾದದ್ದು ಕೂತಿದೆ.

ಎರಡನೆಯ ದಿನದ ಒಂದೇ ಕಟ್ಟುನಿಟ್ಟು: ಗೋಳಗುಮ್ಮಟದ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಬೇಕು. ಡಿಸೆಂಬರ್, ಜನವರಿಯಲ್ಲಂತೂ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ಗುಮ್ಮಟದ ಬುಡದ ಪಿಸುಗುಟ್ಟುವ ಗ್ಯಾಲರಿಯಲ್ಲಿ ನೂರು ಮಕ್ಕಳು ಒಟ್ಟಿಗೆ ಶಿಳ್ಳೆ ಹೊಡೆದರೆ ಪಿಸುಮಾತಿಗೆ ಜಾಗವೆಲ್ಲಿ? ಮಕ್ಕಳದೇನೂ ತಪ್ಪಿಲ್ಲ. ಅವರಿಗಿಂತ ಅರ್ಧ ಗಂಟೆ ಮೊದಲೇ ಏಳುವುದು ದೊಡ್ಡವರ ಕೆಲಸ.

ಮೊಹಮ್ಮದ್ ಆದಿಲ್ ಶಾಹನಿಗೆ ಅಪ್ಪನ ರೋಜಾ ಒಂದು ಸವಾಲಾಗಿ ಕಂಡಿರಬೇಕು. ಕುಸುರಿಯಲ್ಲಿ ಅದನ್ನು ಮೀರುವಂತಿರಲಿಲ್ಲ, ಅಳತೆಯಲ್ಲಿ ಮೀರಿದ. ಒಳಗೆ ಕಾಲಿಟ್ಟರೆ ಕೆತ್ತನೆಯೆಂಬುದೇ ಇಲ್ಲ, ಬೋಳು ಗಾರೆ. ಇರುವುದು ಜಾಗ ಮಾತ್ರ: 18,000 ಚದರ ಅಡಿ ಮೀರಿದ ನೆಲವನ್ನು ಒಂದೇ ಗುಮ್ಮಟ ಮುಚ್ಚಿದೆ, ರೋಮಿನ ಪ್ಯಾಂಥಿಯನ್ ಮುಚ್ಚುವುದಕ್ಕಿಂತ ಹೆಚ್ಚು. ಜಗತ್ತಿನಲ್ಲೇ ಎರಡನೆಯ ದೊಡ್ಡ ಗುಮ್ಮಟ ಎಂಬ ಗೈಡುಗಳ ಮಾತನ್ನು ಹಾಗೇ ನಂಬಬೇಕಾಗಿಲ್ಲ. ಒಳವ್ಯಾಸ ಸುಮಾರು 38 ಮೀಟರ್. ಪ್ಯಾಂಥಿಯನ್ನಿನದೂ ಸಂತ ಪೀಟರ್ ಚರ್ಚಿನದೂ ಅದಕ್ಕಿಂತ ತುಸು ಹೆಚ್ಚು. ಗೋಳಗುಮ್ಮಟದ ಹೆಚ್ಚುಗಾರಿಕೆ ಬೇರೆಡೆ ಇದೆ. ಚೌಕ ಗೋಡೆಯ ಮೇಲೆ ದುಂಡು ಗುಮ್ಮಟ ಕೂರಿಸುವುದು ಹೇಗೆ ಎಂಬ ಲೆಕ್ಕಕ್ಕೆ ಯಾಕೂತ್ ಎಂಬ ದಾಭೋಳದ ಶಿಲ್ಪಿ ಕಂಡುಕೊಂಡ ಉತ್ತರ ಅದು. ನಡುವೆ ನಿಂತು ಮೇಲೆ ನೋಡಿದರೆ ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸುತ್ತ, ಎರಡು ಚೌಕ ತಿರುಗಿಸಿಟ್ಟ ರಂಗೋಲಿಯಂತೆ ಹೆಣೆದುಕೊಂಡಿವೆ. ಆ ಹೆಣಿಗೆ ಮೇಲೇರುತ್ತ ಒಳಕ್ಕೆ ಚಾಚಿ, ಗುಮ್ಮಟಕ್ಕೆ ದುಂಡನೆಯ ಪೀಠವಾಗುತ್ತದೆ. ಗುಮ್ಮಟ ಹೊರಕ್ಕೆ ತಳ್ಳುತ್ತದೆ, ಒಳಕ್ಕೆ ಚಾಚಿದ ಕಟ್ಟಡದ ತೂಕ ಅದನ್ನು ಹಿಡಿಯುತ್ತದೆ. ಗ್ಯಾಲರಿಗೆ ಜಾಗ ಸಿಕ್ಕಿದ್ದೂ ಈ ಚಾಚಿನಿಂದಲೇ.

ಮೂಲೆಯ ಏಳಂತಸ್ತಿನ ಗೋಪುರದೊಳಗಿನ ಮೆಟ್ಟಿಲು ಕಡಿದು, ಇಕ್ಕಟ್ಟು. ಮೊಣಕಾಲು ನೋವಿನವರು ಕೆಳಗೇ ಕೂರುವುದು ಲೇಸು. ಮೇಲೆ ಹೋದವರು ಕೂಗಬಾರದು. ಗೋಡೆಗೆ ಬೆನ್ನು ಹಚ್ಚಿ ಕೂತು, ಆಚೆ ಬದಿಯಲ್ಲಿ ಜತೆಗಾರರನ್ನು ಕೂರಿಸಿ, ಗೋಡೆಯತ್ತ ಮುಖ ಮಾಡಿ ಮೆಲ್ಲಗೆ ಮಾತಾಡಿದರೆ ಸಾಕು. ಕಾಗದ ಹರಿದ ಸದ್ದೂ ಆಚೆ ಮುಟ್ಟುತ್ತದೆ. ಕೆಳಗೆ ಜಗಲಿಯ ಮೇಲೆ ಕಾಣುವ ಗೋರಿಗಳು ಬರಿಯ ಗುರುತು, ನಿಜವಾದವು ನೆಲಮಾಳಿಗೆಯಲ್ಲಿವೆ. ಸುಲ್ತಾನನ ಪಕ್ಕ ರಾಣಿಯರ ಜತೆಗೆ ನರ್ತಕಿ ರಂಭೆಗೂ ಒಂದು ಜಾಗ.

ಮುಂದಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಮುಕ್ಕಾಲು ಗಂಟೆ ಕೊಟ್ಟರೆ ನಷ್ಟವಿಲ್ಲ. ಕನ್ನಡ, ಸಂಸ್ಕೃತ, ಅರಬ್ಬೀ, ಫಾರಸಿ ಶಾಸನಗಳು ಒಂದೇ ಸೂರಿನಡಿ ಇವೆ. ಅಲ್ಲಿಂದ ಜಾಮಿಯಾ ಮಸೀದಿ. 1565ರ ರಕ್ಕಸಗಿ-ತಂಗಡಗಿ ಯುದ್ಧದಲ್ಲಿ ವಿಜಯನಗರ ಸೋತ ಮೇಲೆ ಬಂದ ಸಂಪತ್ತಿನ ಕಾಲದಲ್ಲಿ ಸುಲ್ತಾನ ಮೊದಲನೆಯ ಅಲಿ ಶುರು ಮಾಡಿದ ಕಟ್ಟಡ. ಹಂಪಿ ನೋಡಿದವರು ಇಲ್ಲಿ ನಿಂತಾಗ ಅದೇ ಕಥೆಯ ಇನ್ನೊಂದು ಬದಿ ನೋಡುತ್ತಿರುತ್ತಾರೆ. ನೆಲದ ಮೇಲೆ ಕಪ್ಪು ಗೆರೆಯಲ್ಲಿ ಬರೆದ 2,250 ಮನೆಗಳು, ಒಬ್ಬೊಬ್ಬ ನಮಾಜಿಗೆ ಒಂದೊಂದು. ಬರೆಸಿದವನು ಔರಂಗಜೇಬ.

ಸಂಜೆಗೆ ಬಾರಾ ಕಮಾನ್. ಎರಡನೆಯ ಅಲಿ ಅಪ್ಪನ ಗುಮ್ಮಟವನ್ನೂ ಮೀರಿಸಲು ಹೊರಟ. 1672ರಲ್ಲಿ ಅವನು ತೀರಿಕೊಂಡಾಗ ಆಗಿದ್ದದ್ದು ಎತ್ತರದ ಜಗಲಿ, ಅದರ ಮೇಲೆ ಸಾಲು ಸಾಲು ಕರಿಗಲ್ಲಿನ ಕಮಾನು. ಗಾರೆ ಮೆತ್ತಲಿಲ್ಲ, ಗುಮ್ಮಟ ಏರಲಿಲ್ಲ. ಹದಿನಾಲ್ಕು ವರ್ಷದಲ್ಲಿ ರಾಜ್ಯವೇ ಹೋಯಿತು. ಇದರ ನೆರಳು ಗೋಳಗುಮ್ಮಟದ ಮೇಲೆ ಬಿದ್ದೀತೆಂದು ಅಪ್ಪನೇ ಮಗನನ್ನು ಕೊಲ್ಲಿಸಿದ ಎಂಬ ಕಥೆಯನ್ನು ಇಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಅಪ್ಪ ಸತ್ತದ್ದು 1656ರಲ್ಲಿ, ಮಗನಿಗಿಂತ ಹದಿನಾರು ವರ್ಷ ಮೊದಲು. ಮೂರರಲ್ಲಿ ಹೆಚ್ಚು ಹೊತ್ತು ಕೂರಬೇಕೆನಿಸುವುದು ಇಲ್ಲಿಯೇ, ಯಾಕೆಂದರೆ ಆ ಕಾಲದ ಗಾರೆಯವರು, ಕಲ್ಲುಕುಟಿಗರು ಕಟ್ಟುತ್ತಿದ್ದ ಬಗೆ ಮುಚ್ಚುಮರೆಯಿಲ್ಲದೆ ಕಾಣುವುದು ಇದರಲ್ಲಿ ಮಾತ್ರ. ಅಲ್ಲಿಂದ ನಡೆದು ಹೋಗುವ ದೂರದಲ್ಲಿ ಗಗನ ಮಹಲ್. ಕೊನೆಯ ಸುಲ್ತಾನ ಸಿಕಂದರನನ್ನು ಬೆಳ್ಳಿ ಸರಪಳಿ ತೊಡಿಸಿ ಔರಂಗಜೇಬನ ಮುಂದೆ ತಂದದ್ದು ಇಲ್ಲಿಗೆ ಎನ್ನುತ್ತಾರೆ. ಈಗ ಊರಿನವರು ಸಂಜೆ ಗಾಳಿಗೆ ಬಂದು ಕೂರುವ ಜಾಗ.

ಬಿಟ್ಟದ್ದು ಬಹಳ ಇದೆ: ಜೋಡ ಗುಮ್ಮಟ, ಮೆಹತರ್ ಮಹಲ್, ಅಸರ್ ಮಹಲ್, ಬಸವನ ಬಾಗೇವಾಡಿ, ಕುಮಟಗಿ. ಇರಲಿ. ಹೋಗಲು ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಕರಿಗಲ್ಲಿನ ಜಗಲಿ ಮೇಲೆ ಕಾಲಿಡಲಾಗದು. ಸಂಕ್ರಾಂತಿಯ ಸುತ್ತ ಸಿದ್ಧೇಶ್ವರ ಜಾತ್ರೆ, ಆಗ ಕೋಣೆ ಮೊದಲೇ ಹಿಡಿದಿಟ್ಟುಕೊಳ್ಳಬೇಕು. ಎರಡು ದಿನದಲ್ಲಿ ಒಂದು ಶುಕ್ರವಾರವಾಗದಂತೆ ನೋಡಿಕೊಳ್ಳಿ: ಅಂದು ವಸ್ತುಸಂಗ್ರಹಾಲಯಕ್ಕೆ ರಜೆ, ಜಾಮಿಯಾ ಮಸೀದಿಯಲ್ಲಿ ಮಧ್ಯಾಹ್ನದ ನಮಾಜು.