ಬಾಡಿಗೆಗೆ ಸಿಗುವ ಗೋಡೆ

ಬೆಂಗಳೂರಿನ ಕಲಾಪ್ರದರ್ಶನಕ್ಕೆ ಉದ್ಘಾಟನೆಯ ಸಂಜೆ ಹೋದವರು ನೋಡುವುದೇ ಬೇರೆ, ಮಾರನೆಯ ಮಧ್ಯಾಹ್ನ ಹೋದವರು ನೋಡುವುದೇ ಬೇರೆ. ಸಂಜೆ ದೀಪ, ಹೂಗುಚ್ಛ, ಮುಖ್ಯ ಅತಿಥಿ, ಸಮೋಸ, ಕಾಫಿ. ಜನ ಚಿತ್ರಗಳಿಗೆ ಬೆನ್ನು ಕೊಟ್ಟು ಹರಟುತ್ತಿರುತ್ತಾರೆ. ಮಾರನೆಯ ಮಧ್ಯಾಹ್ನ ಬಾಗಿಲ ಬಳಿಯ ಕುರ್ಚಿಯಲ್ಲಿ ಕಲಾವಿದರೊಬ್ಬರೇ ಕೂತಿರುತ್ತಾರೆ, ಮುಂದೆ ಸಂದರ್ಶಕರ ಪುಸ್ತಕ. ತಿರುವಿ ಹಾಕಿದರೆ ‘ಸೂಪರ್’, ‘ವೆರಿ ನೈಸ್’, ‘ಶುಭವಾಗಲಿ’. ಎರಡು ಮೂರು ವರ್ಷ ಮೈಮುರಿದು ಮಾಡಿದ ಕೆಲಸಕ್ಕೆ ಸಿಕ್ಕ ವಿಮರ್ಶೆ ಅಷ್ಟೇ.

ಇದಕ್ಕೆ ಪ್ರೇಕ್ಷಕರನ್ನು ಬೈಯುವುದು ಸುಲಭ. ನನ್ನ ತಕರಾರು ಇರುವುದು ಪ್ರದರ್ಶನದ ಪದ್ಧತಿಯ ಮೇಲೆ. ನಗರದ ಬಹುಪಾಲು ಕಲಾವಿದರು ಚಿತ್ರ ತೂಗುಹಾಕುವುದು ಬಾಡಿಗೆಯ ಹಜಾರಗಳಲ್ಲಿ. ಅರ್ಜಿ ಹಾಕಬೇಕು, ತಿಂಗಳುಗಟ್ಟಲೆ ಸರದಿ ಕಾಯಬೇಕು, ಮುಂಗಡ ಕಟ್ಟಬೇಕು. ಆಮೇಲೆ ಫ್ರೇಮು, ಆಹ್ವಾನ ಪತ್ರಿಕೆ, ಕ್ಯಾಟಲಾಗು, ಗೂಡ್ಸ್ ಆಟೋ, ಉದ್ಘಾಟಕರಿಗೆ ಕಾರು. ಮಗಳ ಮದುವೆಯಷ್ಟೇ ಓಡಾಟ, ಮುಯ್ಯಿ ಮಾತ್ರ ಇಲ್ಲ. ಒಂದು ವಾರ ಕಳೆದರೆ ಗೋಡೆ ಖಾಲಿ ಮಾಡಬೇಕು, ಮುಂದಿನವರು ಹೊರಗೆ ಕಾಯುತ್ತಿರುತ್ತಾರೆ.

ತೂಗುಹಾಕುವ ದಿನ ಹೋಗಿ ನಿಂತರೆ ಈ ಪದ್ಧತಿಯ ಗುಣದೋಷ ಎರಡೂ ಕಾಣುತ್ತವೆ. ಹಜಾರದವರು ಕೊಡುವುದು ಗೋಡೆ, ಕೊಕ್ಕೆ, ದೀಪ. ಯಾವ ಚಿತ್ರದ ಪಕ್ಕ ಯಾವುದು ಬರಬೇಕು, ಯಾವುದನ್ನು ಮನೆಯಲ್ಲೇ ಬಿಟ್ಟು ಬರಬೇಕು ಎಂದು ಹೇಳುವವರು ಯಾರೂ ಇಲ್ಲ. ಕಲಾವಿದರು, ಅವರ ಇಬ್ಬರು ಗೆಳೆಯರು, ಬಬಲ್ ರ್‍ಯಾಪ್ ಸುಲಿಯುತ್ತಿರುವ ಮಗ. ಬಾಡಿಗೆ ಕೊಟ್ಟಿದ್ದೇವಲ್ಲ ಎಂದು ಹನ್ನೆರಡು ಚಿತ್ರ ಹಿಡಿಸುವ ಗೋಡೆಗೆ ಇಪ್ಪತ್ತು ಏರುತ್ತವೆ. ಗಾಜಿನ ಫ್ರೇಮಿನ ಜಲವರ್ಣದ ಮೇಲೆ ಎದುರಿನ ಟ್ಯೂಬ್‌ಲೈಟ್ ಬಿದ್ದು, ಚಿತ್ರ ನೋಡಲು ಹೋದವರಿಗೆ ತಮ್ಮ ಮುಖವೇ ಕಾಣುತ್ತದೆ. ಒಳ್ಳೆಯ ನಾಲ್ಕು ಕೃತಿಗಳು ಸಾಧಾರಣವಾದ ಹದಿನಾರರ ನಡುವೆ ಕಳೆದುಹೋಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಕತ್ತರಿ ಹಾಕುವ ಕಣ್ಣೊಂದು ಇದ್ದಿದ್ದರೆ ಅದೇ ಪ್ರದರ್ಶನ ನೆನಪಿನಲ್ಲಿ ಉಳಿಯುತ್ತಿತ್ತು.

ಹಾಗೆಂದು ಬಾಡಿಗೆಯ ಹಜಾರವನ್ನು ತೆಗೆದುಹಾಕಿ ಎನ್ನಲಾರೆ. ರಾಯಚೂರಿನಿಂದಲೋ ಹಾವೇರಿಯಿಂದಲೋ ಬಂದು, ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ಸಂಬಳ ಎಣಿಸಿಕೊಂಡು, ರಾತ್ರಿ ಕ್ಯಾನ್ವಾಸಿನ ಮುಂದೆ ಕೂರುವವರಿಗೆ ಶಿಫಾರಸಿಲ್ಲದೆ ತೆರೆಯುವ ಬಾಗಿಲು ಅದೊಂದೇ. ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆ ಇಷ್ಟು ವರ್ಷ ಕಲಾವಿದರಿಗೆ ತವರಾಗಿದ್ದುದು ಇದೇ ಕಾರಣಕ್ಕೆ. ಅದನ್ನು ದತ್ತು ಯೋಜನೆಯಡಿ ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸಲು ಸರ್ಕಾರ ಹೊರಟಾಗ, 2016ರಲ್ಲಿ, ಸಾಮಾನ್ಯವಾಗಿ ಒಬ್ಬರ ಪ್ರದರ್ಶನಕ್ಕೆ ಇನ್ನೊಬ್ಬರು ಹೋಗದ ಕಲಾವಿದರೂ ಒಟ್ಟಾಗಿ ಬೀದಿಗಿಳಿದರು. ಆ ಯೋಜನೆ ಮುಂದುವರಿಯಲಿಲ್ಲ. ಕೈಗೆಟುಕುವ ಗೋಡೆ ಎಂದರೆ ಏನೆಂದು ಆಗ ಹೊರಗಿನವರಿಗೂ ತಿಳಿಯಿತು.

ಅದೇ ಕಟ್ಟಡದಲ್ಲಿ ಕೆ. ವೆಂಕಟಪ್ಪನವರ ಜಲವರ್ಣಗಳಿವೆ. ಕಲ್ಕತ್ತದಲ್ಲಿ ಅವನೀಂದ್ರನಾಥ ಟಾಗೋರರ ಬಳಿ ಕಲಿತು, ನಾಲ್ವಡಿ ಕೃಷ್ಣರಾಜ ಒಡೆಯರ ಆಸರೆಯಲ್ಲಿ ದುಡಿದು, ಕೊನೆಗೆ ಸಂಭಾವನೆಯ ವಿಷಯಕ್ಕೆ ಅರಮನೆಯ ಮೇಲೆಯೇ ನ್ಯಾಯಾಲಯಕ್ಕೆ ಹೋದ ಮನುಷ್ಯ. ಅವರ ಊಟಿಯ ಭೂದೃಶ್ಯಗಳನ್ನು ದೂರದಿಂದ ನೋಡಿದರೆ ಏನೂ ದಕ್ಕುವುದಿಲ್ಲ. ಹತ್ತಿರ ಹೋಗಿ ಐದು ನಿಮಿಷ ನಿಂತರೆ ಮಂಜಿನ ಹಿಂದಿನ ಗುಡ್ಡ ಮೆಲ್ಲಗೆ ಮುಂದೆ ಬರುತ್ತದೆ, ತೆಳುಬಣ್ಣದ ಪದರದ ಮೇಲೆ ಪದರ ಹಾಕಿದ ಸಹನೆ ಗೊತ್ತಾಗುತ್ತದೆ. ಬಾಡಿಗೆಯ ಹಜಾರಗಳಲ್ಲಿ ತೂಗುವ ಎಷ್ಟೋ ಚಿತ್ರಗಳು ಇಂಥ ಐದು ನಿಮಿಷವನ್ನು ಕೇಳುವುದೇ ಇಲ್ಲ. ಬೇಗ ಒಣಗುವ ಅಕ್ರಿಲಿಕ್, ಬೇಗ ಮುಗಿಯುವ ಚಿತ್ರ, ಬೇಗ ಮುಗಿಯುವ ನೋಟ.

ಖಾಸಗಿ ಗ್ಯಾಲರಿಗಳ ಲೆಕ್ಕ ಬೇರೆ. 1996ರಲ್ಲಿ ಶುರುವಾದ ಸುಮುಖದಂಥವು ಕಲಾವಿದರನ್ನು ತಾವೇ ಆರಿಸುತ್ತವೆ, ಪ್ರದರ್ಶನ ರೂಪಿಸುತ್ತವೆ, ಕೊಳ್ಳುವವರನ್ನು ಕರೆತರುತ್ತವೆ, ಮಾರಾಟದಲ್ಲಿ ಪಾಲು ತೆಗೆದುಕೊಳ್ಳುತ್ತವೆ. ಆ ಪಾಲಿನ ಬಗ್ಗೆ ಗೊಣಗುವವರು ಉಂಟು. ನಾನು ಗೊಣಗುವುದಿಲ್ಲ. ಚಿತ್ರ ಮಾರಿದರೆ ಮಾತ್ರ ಹಣ ಕಾಣುವವರಿಗೆ ಚಿತ್ರದ ಮೇಲೆ ಕಣ್ಣು ಇರಲೇಬೇಕು. ಮಾರಲಿ ಬಿಡಲಿ ಬಾಡಿಗೆ ಎಣಿಸುವವರಿಗೆ ಆ ಹಂಗಿಲ್ಲ. ಆದರೆ ಖಾಸಗಿ ಗ್ಯಾಲರಿಯ ಬಾಗಿಲು ಕಿರಿದು, ಒಳಗಿನ ಮಾತು ಬಹುಪಾಲು ಇಂಗ್ಲಿಷು. ಕೆನ್ ಕಲಾಶಾಲೆಯಲ್ಲೋ ಮೈಸೂರಿನ ಕಲಾ ಕಾಲೇಜು ಕಾವಾದಲ್ಲೋ ಕಲಿತು ಕೈ ಪಳಗಿದವರೂ ‘ಆರ್ಟಿಸ್ಟ್ ಸ್ಟೇಟ್‌ಮೆಂಟ್’ ಬರೆಯಬೇಕಾದಾಗ ತಡವರಿಸುತ್ತಾರೆ.

ಇನ್ನು ಚಿತ್ರಸಂತೆ. ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಗೆ ವಾಹನ ನಿಲ್ಲಿಸಿ, ಚಿತ್ರಕಲಾ ಪರಿಷತ್ತು ಎರಡು ದಶಕಗಳಿಂದ ನಡೆಸುತ್ತ ಬಂದಿರುವ ಜಾತ್ರೆ. ಕೊರೊನಾ ಕಾಲದಲ್ಲಿ, 2021ರಲ್ಲಿ, ಅದು ಆನ್‌ಲೈನಿಗೆ ಹೋದಾಗ ಜೀವವೇ ಹೋದಂತಿತ್ತು. ಗಂಭೀರ ಕಲಾವಿದರು ಸಂತೆಯ ಹೆಸರೆತ್ತಿದರೆ ಮೂಗು ಮುರಿಯುತ್ತಾರೆ. ನನಗೇನೋ ಬಾಡಿಗೆಯ ಹಜಾರಕ್ಕಿಂತ ಸಂತೆಯೇ ಪ್ರಾಮಾಣಿಕ ಎನಿಸುತ್ತದೆ. ಅಲ್ಲಿ ಮುಖ್ಯ ಅತಿಥಿಯ ಭಾಷಣ ಕೇಳಲು ಯಾರೂ ಬಂದಿರುವುದಿಲ್ಲ. ಚುರುಮುರಿ ಪೊಟ್ಟಣ ಹಿಡಿದು ಬಂದ ಸಂಸಾರವೊಂದು ಕ್ಯಾನ್ವಾಸಿನ ಮುಂದೆ ನಿಂತು, ‘ಇದೇನ್ರೀ, ಮರ ಯಾಕೆ ನೀಲಿ ಮಾಡಿದೀರಿ?’ ಎಂದು ನೇರವಾಗಿ ಕೇಳುತ್ತದೆ. ಉತ್ತರ ಕೊಡಲೇಬೇಕು. ಉದ್ಘಾಟನೆಯ ಸಂಜೆ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಕೇಳಿದರೆ ಅಸಭ್ಯ.

ಸಂತೆ ವಸೂಲಿ ಮಾಡುವ ಬೆಲೆಯೂ ಇದೆ. ಬಿಸಿಲು ಏರುವ ಹೊತ್ತಿಗೆ ಬುದ್ಧನ ಮುಖಗಳು, ಗಣಪತಿಗಳು, ವಾಸ್ತುವಿಗೆ ಒಳ್ಳೆಯದೆಂಬ ಏಳು ಕುದುರೆಗಳು ಖಾಲಿಯಾಗಿರುತ್ತವೆ. ಸ್ವಂತ ದಾರಿ ಹುಡುಕುತ್ತಿರುವವರ ಚಿತ್ರಗಳು ಸಂಜೆ ಮತ್ತೆ ಗೂಡ್ಸ್ ಆಟೋ ಏರುತ್ತವೆ. ಒಂದು ವರ್ಷ ಹೀಗಾದರೆ ಬೇಸರ. ಮೂರು ವರ್ಷ ಹೀಗಾದರೆ ನಾಲ್ಕನೆಯ ವರ್ಷ ಅವರ ಕ್ಯಾನ್ವಾಸಿನಲ್ಲೂ ಒಂದು ಕುದುರೆ ಇಣುಕುತ್ತದೆ. ಅಳತೆಯೂ ಕುಗ್ಗುತ್ತದೆ, ಕೊಂಡವರು ಸ್ಕೂಟರಿನಲ್ಲಿ ಒಯ್ಯಬೇಕಲ್ಲ! ಹಜಾರ ಕಲಾವಿದರನ್ನು ಯಾರೂ ತಿದ್ದದ ಹಾಗೆ ಬಿಟ್ಟುಬಿಡುತ್ತದೆ. ಸಂತೆ ಅವರನ್ನು ಬೇಕಾದ್ದಕ್ಕಿಂತ ಹೆಚ್ಚು ತಿದ್ದುತ್ತದೆ.

ಈ ಎರಡರ ನಡುವೆ ಇರಬೇಕಾಗಿದ್ದುದು ವಿಮರ್ಶೆ. ಕನ್ನಡಕ್ಕೆ ಅದು ಹೊಸತಲ್ಲ. ಶಿವರಾಮ ಕಾರಂತರು ‘ಭಾರತೀಯ ಚಿತ್ರಕಲೆ’ ಬರೆದದ್ದು 1930ರಲ್ಲಿ. ಈಗ ಪತ್ರಿಕೆಗಳಲ್ಲಿ ಪ್ರದರ್ಶನದ ಸುದ್ದಿ ಬರುತ್ತದೆ, ಸಮಯ ಮತ್ತು ಸ್ಥಳದ ಜೊತೆಗೆ. ಚಿತ್ರ ಹೇಗಿದೆ ಎಂದು ಬರೆಯುವವರು ವಿರಳ. ಬರೆದರೂ ‘ಬಣ್ಣಗಳ ಮಾಂತ್ರಿಕ’, ‘ಕುಂಚದಲ್ಲಿ ಅರಳಿದ ನಿಸರ್ಗ’ ಎಂಬಂಥ ಹೊಗಳಿಕೆ. ತನ್ನ ಹಸಿರು ಯಾಕೆ ಕೆಸರಾಯಿತು ಎಂದು ತಿಳಿಯಬೇಕಾದ ಮೂವತ್ತರ ಕಲಾವಿದೆಗೆ ಈ ಮಾತಿನಿಂದ ಕಿಂಚಿತ್ತೂ ಉಪಯೋಗವಿಲ್ಲ.

ದೊಡ್ಡ ಅನುದಾನ ಬೇಡದ ಕೆಲಸಗಳಿವೆ. ಉದ್ಘಾಟನೆಯ ಭಾಷಣಗಳನ್ನು ಬಿಟ್ಟು, ವಾರದ ನಡುವಿನ ಒಂದು ಸಂಜೆ ಹಿರಿಯ ಕಲಾವಿದರೊಬ್ಬರು ಕಿರಿಯರ ಚಿತ್ರಗಳ ಮುಂದೆ ನಿಂತು ಮುಲಾಜಿಲ್ಲದೆ ಮಾತಾಡಲಿ. ಬಾಡಿಗೆ ಪಡೆಯುವ ಹಜಾರಗಳು ಪ್ರತಿ ಪ್ರದರ್ಶನವನ್ನೂ ಗೋಡೆಯ ಮೇಲಿದ್ದ ಹಾಗೆಯೇ ಫೋಟೊ ತೆಗೆದು, ದಿನಾಂಕ ಹಾಕಿ ಕಾಪಿಡಲಿ. ಇಪ್ಪತ್ತು ವರ್ಷದಲ್ಲಿ ಒಬ್ಬರ ಕೆಲಸ ಎಲ್ಲಿಂದ ಎಲ್ಲಿಗೆ ಬಂತು ಎಂದು ಯಾರಾದರೂ ಬರೆಯಹೊರಟರೆ, ಈಗ ಕೈಗೆ ಸಿಗುವುದು ಕಲಾವಿದರ ಮನೆಯ ಅಟ್ಟದಲ್ಲಿರುವ ಆಹ್ವಾನ ಪತ್ರಿಕೆಗಳು, ಉದ್ಘಾಟಕರು ದೀಪ ಹಚ್ಚುತ್ತಿರುವ ಫೋಟೊಗಳು. ಆ ಫೋಟೊಗಳಲ್ಲಿ ಚಿತ್ರಗಳು ಕಾಣುವುದಿಲ್ಲ, ಮುಂದೆ ಜನ ನಿಂತಿರುತ್ತಾರೆ.