ನಾಲ್ಕು ಕಡೆಯಿಂದ ಒಂದೇ ನೂಲು
ನೂಲುವ ಜೀವಿಗಳ ಕಸುಬಿಗೆ ನಾನು ಮನಸೋತವನು. ಜೇಡ ಹೊಟ್ಟೆಯ ತುದಿಯಿಂದ ನೂಲುತ್ತದೆ. ರಾಮನಗರದ ಮಾರುಕಟ್ಟೆಗೆ ಬರುವ ಗೂಡು ಕಟ್ಟಿದ ರೇಷ್ಮೆಹುಳು ನೂಲುವುದು ತುಟಿಯಿಂದ: ತಲೆಯನ್ನು 8ರ ಆಕಾರದಲ್ಲಿ ಆಡಿಸುತ್ತ, ಜೋಡಿ ಎಳೆಗಳನ್ನು ಅಂಟಿನಿಂದ ಬೆಸೆಯುತ್ತ, ಸುಮಾರು 1 ಕಿಲೋಮೀಟರ್ ಉದ್ದಕ್ಕೂ ತುಂಡಾಗದಂತೆ. ಎಂಬಿಯಾ ಎಂಬ ಕೀಟಕ್ಕೆ ಮುಂಗಾಲಿನ ಉಬ್ಬಿದ ಪಾದಗಳೇ ರೇಷ್ಮೆಯ ಕಣಜ. ಕಡಲ ತಳದಲ್ಲಿ ಸಿಗಡಿಯ ದೂರದ ನೆಂಟ ಕ್ರಾಸಿಕೊರೋಫಿಯಂ ಕಾಲುಗಳಿಂದ ಎಳೆ ತೆಗೆದು, ಉಪ್ಪುನೀರಿನಲ್ಲೂ ಬಿಡದ ಅಂಟಿನಿಂದ ಮರಳನ್ನು ಹೆಣೆದು ಕೊಳವೆಮನೆ ಕಟ್ಟುತ್ತದೆ. ಇವು ಒಂದರಿಂದೊಂದು ಪಡೆದ ವಿದ್ಯೆಯಲ್ಲ. ಒಡಲೊಳಗೆ ದ್ರವವಾಗಿದ್ದ ಪ್ರೋಟೀನು ಹೊರಬರುತ್ತಲೇ ಗಟ್ಟಿ ಎಳೆಯಾಗುವ ಆ ನಾಜೂಕಿನ ಹದವನ್ನು ವಿಕಾಸ ಬೇರೆ ಬೇರೆ ಅಂಗಗಳಲ್ಲಿ ಪ್ರತಿ ಸಲವೂ ಹೊಸದಾಗಿ ಸಾಧಿಸಿದೆ. ಒಂದು ಸಲ ಒದಗಿದ್ದರೆ ಅದೃಷ್ಟ ಎನ್ನಬಹುದಿತ್ತು. ಇಷ್ಟು ಸಲ ಒದಗಿದ್ದು ಪ್ರಕೃತಿಯ ನಿಜವಾದ ಕೈಚಳಕ.